ಪ್ರತಿಷ್ಠಾಪನಾ ಸಮಿತಿಯೂ ಹಳೆಯ ಸೋಫಾಗಳೂ

ನಮ್ಮ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಈರ್ಯಾ, ಭಾಷಾ, ಏಷಣಾ, ಆದಾನ-ನಿಕ್ಷೇಪಣಗಳ ತರುವಾಯ ಬರುವ ಐದನೆಯದನ್ನು ಶಾಸ್ತ್ರಕಾರರು ಉತ್ಸರ್ಗ ಸಮಿತಿ ಎಂದೂ ಪ್ರತಿಷ್ಠಾಪನಾ ಸಮಿತಿ ಎಂದೂ ಕರೆದಿದ್ದಾರೆ. ಬಸದಿಯಲ್ಲಿ ಜಿನಬಿಂಬವನ್ನು ಸ್ಥಾಪಿಸುವುದಕ್ಕೆ ನಾವು ಪ್ರತಿಷ್ಠೆ ಎನ್ನುತ್ತೇವೆ. ದೇಹದ ಮಲವನ್ನು ಜೀವಜಂತುಗಳಿಲ್ಲದ, ಪರರಿಗೆ ಬಾಧೆಯಾಗದ ನೆಲದಲ್ಲಿ ನೋಡಿ ವಿಸರ್ಜಿಸುವುದಕ್ಕೂ ಅದೇ ಧಾತುವಿನಿಂದ ಹುಟ್ಟಿದ ಹೆಸರಿದೆ. ಚಿಕ್ಕವನಾಗಿದ್ದಾಗ ಪಾಠಶಾಲೆಯಲ್ಲಿ ಇದನ್ನು ಕೇಳಿ ನಾವು ಹುಡುಗರು ನಕ್ಕಿದ್ದೆವು. ಅರವತ್ತು ದಾಟಿದ ಮೇಲೆ ಆ ಹೆಸರಿನ ಗಾಂಭೀರ್ಯ ನನಗೆ ಅರ್ಥವಾಗತೊಡಗಿದೆ. ಪೂಜ್ಯವಾದುದನ್ನು ಎಲ್ಲಿ ಇಡಬೇಕೆಂದು ಯೋಚಿಸುವಷ್ಟೇ ಶ್ರದ್ಧೆಯಿಂದ, ತ್ಯಾಜ್ಯವಾದುದನ್ನು ಎಲ್ಲಿ ಬಿಡಬೇಕೆಂದೂ ಯೋಚಿಸಬೇಕು ಎಂಬುದೇ ಅದರ ತಾತ್ಪರ್ಯ. ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಯಾವ ಗ್ರಂಥವೂ ಅಲ್ಲ, ಒಂದು ಹಳೆಯ ಸೋಫಾ.

ನಾನು ಬಿ.ಕಾಂ. ಮುಗಿಸಿ 1983ರಲ್ಲಿ ಹುಬ್ಬಳ್ಳಿಯಲ್ಲಿ ನಮ್ಮ ತೀರ್ಥರೂಪರ ಅಂಗಡಿಯ ಗಲ್ಲೆಯ ಮೇಲೆ ಕುಳಿತೆ. ಅಂದು ನಮ್ಮದು ಹತ್ತಿ ಮತ್ತು ತೆಂಗಿನ ನಾರಿನ ಗಾದಿಗಳ ವ್ಯಾಪಾರ. ಎರಡು ಮೂರು ವರ್ಷಗಳಲ್ಲಿ ಫೋಮು ಬಂದಿತು, ಅದರ ಹಿಂದೆಯೇ ರೆಕ್ಸಿನ್ ಬಂದಿತು. ಮದುವೆಯಲ್ಲಿ ಸೋಫಾಸೆಟ್ ಕೊಡುವುದು ಪ್ರತಿಷ್ಠೆಯ ವಿಷಯವಾಯಿತು. ಮಾಂಸ, ಮದ್ಯ, ಮಧುಗಳ ಸೋಂಕಿಲ್ಲದ ವ್ಯಾಪಾರ, ಚರ್ಮವನ್ನು ಮುಟ್ಟದೆ ಚರ್ಮದಂತೆ ಕಾಣುವ ಬಟ್ಟೆ ಮಾರುವ ವ್ಯಾಪಾರ, ಇದಕ್ಕಿಂತ ಶ್ರಾವಕನಿಗೆ ಒಪ್ಪುವ ಉದ್ಯೋಗ ಯಾವುದಿದೆ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದುಂಟು.

ಆದರೆ ಕತ್ತರಿಸಿದಲ್ಲೆಲ್ಲ ಚೂರು ಉಳಿಯುತ್ತದೆ. ದೊಡ್ಡ ಚೂರುಗಳು ತಲೆದಿಂಬಿಗೆ ಹೋಗುತ್ತಿದ್ದವು. ಉಳಿದ ಸಣ್ಣ ಚೂರು, ರೆಕ್ಸಿನ್ನಿನ ಅಂಚು, ಗಿರಾಕಿಗಳು ಬದಲಿಗೆ ಕೊಟ್ಟ ಹಳೆಯ ಸೋಫಾಗಳ ಒಳಸರಕು ಇವೆಲ್ಲವೂ ಗೋದಾಮಿನ ಹಿತ್ತಲಿನಲ್ಲಿ ರಾಶಿ ಬೀಳುತ್ತಿದ್ದವು. ಶನಿವಾರ ಸಾಯಂಕಾಲ ಅವಕ್ಕೆ ಬೆಂಕಿ ಹಚ್ಚಲಾಗುತ್ತಿತ್ತು. ಹಚ್ಚುವವನು ನಮ್ಮ ಸೋಫಾ ಮೇಸ್ತ್ರಿ, ಹಚ್ಚು ಎಂದು ಹೇಳುವವನು ನಾನು. ಕಪ್ಪು ಹೊಗೆ ಹಿತ್ತಲಿನ ಗೋಡೆ ದಾಟಿ ಪಕ್ಕದ ಚಾಳಿನ ಮೇಲೆ ಹೋಗುತ್ತಿತ್ತು. ನಾನು ಆ ಹೊತ್ತಿಗೆ ಅನಸ್ತಮಿತದ ನಿಯಮ ತಪ್ಪಬಾರದೆಂದು, ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡಲು ಮನೆಗೆ ಹೊರಟಿರುತ್ತಿದ್ದೆ. ರಾತ್ರಿ ದೀಪಕ್ಕೆ ಬೀಳುವ ಹುಳುಗಳ ಪ್ರಾಣದ ಬಗ್ಗೆ ನನಗಿದ್ದ ಕಾಳಜಿ ಚಾಳಿನ ಕಿಟಕಿಗಳ ಒಳಗಿದ್ದ ಪಂಚೇಂದ್ರಿಯ ಜೀವಿಗಳ ಬಗ್ಗೆ ಇರಲಿಲ್ಲ ಎಂಬುದನ್ನು ಇಂದು ಬರೆಯುವಾಗ ಲೇಖನಿ ಹಿಂಜರಿಯುತ್ತದೆ.

2023ರ ಬೇಸಿಗೆಯಲ್ಲಿ ನನ್ನ ತಮ್ಮನ ಮಗಳು ಇರುವ ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋಗಿದ್ದೆ. ಹಳೆಯ ಇಗರ್ಜಿಯೊಂದನ್ನು ಕೊಂಡು ರೂಪಾಂತರಿಸಿ 1988ರಲ್ಲಿ ಅಲ್ಲಿ ತೆರೆದ ಜಿನಮಂದಿರದ ದರ್ಶನ ಮಾಡಬೇಕೆಂಬುದು ಬಹುದಿನದ ಆಸೆ. ದಿಗಂಬರ, ಶ್ವೇತಾಂಬರ, ಸ್ಥಾನಕವಾಸಿ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಸೂರಿನಡಿ ಎಡೆಯಿರುವುದನ್ನು ಕಂಡು ಸಂತೋಷವಾಯಿತು. ಆದರೆ ಆ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಪ್ರಸಂಗ.

ಮಗಳ ಮನೆಯಲ್ಲಿ ಹಳೆಯ ಸೋಫಾ ಒಂದನ್ನು ತೆಗೆಯಬೇಕಾಗಿತ್ತು. ಅಳಿಯಂದಿರು ನಗರಾಡಳಿತಕ್ಕೆ ತಿಳಿಸಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡರು. ಅಲ್ಲಿಯವರೆಗೆ ಸೋಫಾವನ್ನು ಮಳೆಯಲ್ಲಿ ನೆನೆಯದಂತೆ, ಹರಿಯದಂತೆ, ಬೇರೆ ಕಸದೊಡನೆ ಬೆರೆಯದಂತೆ ಇಟ್ಟರು. ನನಗೆ ವಿಚಿತ್ರವೆನಿಸಿತು. ನಮ್ಮಲ್ಲಿ ಹೊಸ ಸೋಫಾಕ್ಕೂ ಇಷ್ಟು ಉಪಚಾರವಿಲ್ಲವಲ್ಲ ಎಂದು ನಕ್ಕೆ. ಆಗ ಅಳಿಯಂದಿರು ಅದನ್ನು ಬೋರಲು ಹಾಕಿ ತಳದಲ್ಲಿ ಹೊಲಿದಿದ್ದ ಚೀಟಿಯನ್ನು ತೋರಿಸಿದರು. ಅದರ ತಲೆಬರಹ ಇಂಗ್ಲಿಷಿನಲ್ಲಿ ಮೂರೇ ಮಾತು. ಅದನ್ನು ಕನ್ನಡದಲ್ಲಿ ಹೇಳುವುದಾದರೆ, ಅಜಾಗರೂಕತೆಯೇ ಬೆಂಕಿಗೆ ಕಾರಣ. ನನಗೆ ತಟ್ಟನೆ ಉಮಾಸ್ವಾಮಿ ಆಚಾರ್ಯರು ಹಿಂಸೆಗೆ ಕೊಟ್ಟ ಲಕ್ಷಣ ನೆನಪಾಯಿತು. ಪ್ರಾಣಹಾನಿ ಮಾತ್ರವಲ್ಲ, ಪ್ರಮಾದದ ಯೋಗದಿಂದ ಆಗುವ ಪ್ರಾಣಹಾನಿಯೇ ಹಿಂಸೆ ಎಂದು ಆಚಾರ್ಯರ ಅಭಿಪ್ರಾಯವಲ್ಲವೆ? ಪ್ರಮಾದವೆಂದರೆ ಅದೇ ಅಜಾಗರೂಕತೆ.

ಆ ಚೀಟಿಯ ಹಿಂದಿರುವ ಇತಿಹಾಸವನ್ನು ಅಲ್ಲಿದ್ದಾಗಲೂ ಬಂದ ಮೇಲೂ ಓದಿ ತಿಳಿದುಕೊಂಡೆ. ವಾಚಕರಿಗೆ ಉಪಯುಕ್ತವೆಂದು ಸಂಕ್ಷೇಪವಾಗಿ ನಿವೇದಿಸುತ್ತೇನೆ.

ಸೋಫಾದ ಒಳಗಿನ ಮೆತ್ತನೆಯ ಪಾಲಿಯುರಿಥೇನ್ ಫೋಮು ಶಿಲಾತೈಲದಿಂದ ಹುಟ್ಟಿದ್ದು. ಒಮ್ಮೆ ಹೊತ್ತಿಕೊಂಡರೆ ಬಹುಬೇಗ ಉರಿದು ದಟ್ಟವಾದ ಹೊಗೆಯನ್ನೂ, ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲಗಳನ್ನೂ ಉಗುಳುತ್ತದೆ. 1979ರಲ್ಲಿ ಮ್ಯಾಂಚೆಸ್ಟರಿನ ಒಂದು ದೊಡ್ಡ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ಇಂಥ ಪೀಠೋಪಕರಣಗಳಿಗೆ ಬೆಂಕಿ ತಗುಲಿ 10 ಮಂದಿ ಪ್ರಾಣ ಕಳೆದುಕೊಂಡರು. ಇಂಥ ದುರಂತಗಳ ತರುವಾಯ ಬ್ರಿಟನ್ನಿನಲ್ಲಿ 1988ರಲ್ಲಿ ಪೀಠೋಪಕರಣಗಳ ಅಗ್ನಿಸುರಕ್ಷತೆಯ ಕಟ್ಟುನಿಟ್ಟಿನ ನಿಯಮಗಳು ಬಂದವು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಅದಕ್ಕೂ ಮೊದಲೇ, 1975ರಲ್ಲಿ, ತಾಂತ್ರಿಕ ಪ್ರಕಟಣೆ 117 ಎಂಬ ನಿಯಮವಿತ್ತು. ಸಣ್ಣ ಜ್ವಾಲೆಯೊಂದನ್ನು 12 ಸೆಕೆಂಡುಗಳ ಕಾಲ ಹಿಡಿದರೂ ಫೋಮು ತಾಳಿಕೊಳ್ಳಬೇಕೆಂದು ಅದು ವಿಧಿಸಿತ್ತು. ಈ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಲೆಂದು ತಯಾರಕರು ಫೋಮಿಗೂ ಬಟ್ಟೆಗೂ ಬ್ರೋಮಿನ್ ಅಥವಾ ಕ್ಲೋರಿನ್ ಇರುವ ಜ್ವಾಲಾನಿರೋಧಕ ರಸಾಯನಗಳನ್ನು ಸೇರಿಸಿದರು.

ಉದ್ದೇಶ ಒಳ್ಳೆಯದೇ, ಜೀವರಕ್ಷಣೆ. ಆದರೆ ಈ ರಸಾಯನಗಳಲ್ಲಿ ಅನೇಕವು ಫೋಮಿನೊಡನೆ ಬೆಸೆದುಕೊಳ್ಳದೆ ಬರಿದೇ ಬೆರೆತುಕೊಂಡಿರುತ್ತವೆ. ಫೋಮು ಹಳತಾಗಿ ಪುಡಿಯಾದಂತೆ ಅವು ಧೂಳಿನೊಡನೆ ಮನೆಯ ನೆಲಕ್ಕೆ ಬೀಳುತ್ತವೆ. ನೆಲದ ಮೇಲೆ ಅಂಬೆಗಾಲಿಡುವ, ಕೈಯನ್ನು ಬಾಯಿಗಿಡುವ ಕೂಸಿನ ದೇಹಕ್ಕೆ ದೊಡ್ಡವರಿಗಿಂತ ಹೆಚ್ಚಾಗಿ ಸೇರುತ್ತವೆ. ಮಣ್ಣಿನಲ್ಲಿ ಹೂತರೆ ಬೇಗ ಕೊಳೆಯವು. ಕೊಬ್ಬಿನಲ್ಲಿ ಕರಗಿ ಒಂದು ಜೀವಿಯಿಂದ ಅದನ್ನು ತಿನ್ನುವ ಇನ್ನೊಂದು ಜೀವಿಗೆ ದಾಟುತ್ತ ಸಾಂದ್ರವಾಗುತ್ತವೆ. ಸ್ವೀಡನ್ ದೇಶದಲ್ಲಿ 1972ರಿಂದ 1997ರವರೆಗೆ ಕೂಡಿಟ್ಟಿದ್ದ ತಾಯಂದಿರ ಎದೆಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಈ ಬ್ರೋಮಿನ್ ರಸಾಯನಗಳ ಪ್ರಮಾಣ ಸುಮಾರು ಐದೈದು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಬಂದಿತ್ತು. ಸೋಫಾದ ಹೆಸರನ್ನೇ ಅರಿಯದ ಉತ್ತರಧ್ರುವದ ಹಿಮಕರಡಿಗಳ ಮೈಯಲ್ಲಿಯೂ ಅವು ಸಿಕ್ಕಿವೆ. ಜೀವಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ನಮ್ಮ ಸಿದ್ಧಾಂತಕ್ಕೆ ಇಂಥ ದುಃಖದ ಸಾಕ್ಷ್ಯ ದೊರೆಯುವುದೆಂದು ಯಾರು ಎಣಿಸಿದ್ದರು?

ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದಕ್ಕೆ 2001ರಲ್ಲಿ ಅಂಗೀಕಾರ ದೊರೆತು, 2004ರಲ್ಲಿ ಅದು ಜಾರಿಗೆ ಬಂದಿತು. ಫೋಮಿನಲ್ಲಿ ಬಳಸುತ್ತಿದ್ದ ಪೆಂಟಾ ಬ್ರೋಮೋ ಡೈಫಿನೈಲ್ ಈಥರ್ ಜಾತಿಯ ರಸಾಯನಗಳನ್ನು 2009ರಲ್ಲಿ ಆ ಪಟ್ಟಿಗೆ ಸೇರಿಸಲಾಯಿತು. ಬಟ್ಟೆಗಳಿಗೆ ಲೇಪಿಸುತ್ತಿದ್ದ ಡೆಕಾ ಎಂಬ ಜಾತಿಯನ್ನು 2017ರಲ್ಲಿ ಸೇರಿಸಿದರು. ಕ್ಯಾಲಿಫೋರ್ನಿಯಾ ತನ್ನ ನಿಯಮವನ್ನು 2013ರಲ್ಲಿ ತಿದ್ದಿ, ರಸಾಯನಗಳಿಲ್ಲದೆಯೂ ಪಾಲಿಸಬಹುದಾದ ಪರೀಕ್ಷೆಯನ್ನು ತಂದಿತು. ಬ್ರಿಟನ್ನಿನ ಪರಿಸರ ಇಲಾಖೆ 2022ರಲ್ಲಿ ಮನೆಗಳ ಮೆತ್ತೆಯುಳ್ಳ ಆಸನಗಳ ಬಗ್ಗೆ ಸೂಚನೆ ಹೊರಡಿಸಿತು. ಅವುಗಳನ್ನು ಹೂಳಕೂಡದು, ಬೇರೆ ಕಸದೊಡನೆ ಬೆರೆಸಕೂಡದು, ವಿಷವು ನಾಶವಾಗುವಷ್ಟು ಉಷ್ಣದ ಕುಲುಮೆಗಳಲ್ಲಿಯೇ ಸುಡತಕ್ಕದ್ದು ಎಂಬುದು ಅದರ ಸಾರ. ನಾನು ನಕ್ಕ ಆ ಉಪಚಾರಕ್ಕೆ ಇದು ಕಾರಣ.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. ಭಾರತವು 2006ರಲ್ಲಿ ಈ ಒಪ್ಪಂದಕ್ಕೆ ಸಮ್ಮತಿಯಿತ್ತಿತು. 2018ರ ನಿಯಮಗಳ ಮೂಲಕ ಪೆಂಟಾ ಮತ್ತು ಆಕ್ಟಾ ಜಾತಿಗಳೂ ಸೇರಿ ಏಳು ರಸಾಯನಗಳ ತಯಾರಿಕೆ, ಬಳಕೆ, ಆಮದುಗಳನ್ನು ನಿಷೇಧಿಸಿತು. ಬಯಲಿನಲ್ಲಿ ಕಸ ಸುಡುವುದರ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿ, ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಿತು. ಆದರೆ ನಿಯಮ ಬರುವ ಮೊದಲೇ ಮನೆ, ಕಚೇರಿ, ಮಂಟಪಗಳನ್ನು ಸೇರಿರುವ ಸರಕನ್ನು ಯಾವ ನಿಷೇಧವೂ ಹಿಂದಕ್ಕೆ ಕರೆಯಲಾರದು. ಆ ಕೆಲಸ ಅದರ ಒಡೆಯರದು.

ಇಲ್ಲಿ ಅನೇಕಾಂತದ ವಿವೇಕವನ್ನು ಬಿಡಬಾರದು. ನಮ್ಮಲ್ಲಿ ಮನೆಯ ಸೋಫಾಗಳಿಗೆ ಅಂಥ ಅಗ್ನಿಪರೀಕ್ಷೆಯ ಕಡ್ಡಾಯ ದೀರ್ಘಕಾಲ ಇರಲಿಲ್ಲ. ಆದುದರಿಂದ ಪ್ರತಿಯೊಂದು ಹಳೆಯ ಸೋಫಾದಲ್ಲೂ ಈ ರಸಾಯನಗಳಿವೆ ಎಂದು ಹೇಳುವುದು ಸತ್ಯವಲ್ಲ, ಯಾವುದರಲ್ಲೂ ಇಲ್ಲ ಎನ್ನುವುದೂ ಸತ್ಯವಲ್ಲ. ಇರಬಹುದು ಎಂಬುದೇ ಸರಿಯಾದ ನುಡಿ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಸ್ತುವಿನ ಮುಂದೆ ಶ್ರಾವಕನ ನಡೆ ಯಾವುದು? ನೀರಿನಲ್ಲಿ ಜೀವಗಳು ಕಾಣುವವೋ ಇಲ್ಲವೋ ಎಂದು ಪರೀಕ್ಷಿಸುತ್ತ ಕೂರದೆ ನಾವು ಸೋಸಿಯೇ ಕುಡಿಯುತ್ತೇವೆ. ಇಲ್ಲಿಯೂ ಅದೇ ನಡೆ. ಅಲ್ಲದೆ ಯಾವ ಜ್ವಾಲಾನಿರೋಧಕವೂ ಇಲ್ಲದ ಫೋಮನ್ನು ಸುಟ್ಟರೂ ಸಯನೈಡು ತಪ್ಪದು. ರೆಕ್ಸಿನ್ನಿನ ಲೇಪ ಸಾಮಾನ್ಯವಾಗಿ ಪಿ.ವಿ.ಸಿ. ಆದುದರಿಂದ ಅದನ್ನು ಸುಟ್ಟರೆ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ಕಡುವಿಷವೂ ತಪ್ಪವು.

ನಾನು ಊರಿಗೆ ಮರಳಿದ ಮರುವರ್ಷ, 2024ರ ಆಗಸ್ಟ್ ತಿಂಗಳಿನಲ್ಲಿ, ನಮ್ಮ ಬಸದಿಯ ಟ್ರಸ್ಟಿನ ಸಭೆ ನಡೆಯಿತು. ಕಲ್ಯಾಣಮಂಟಪದ ಹಳೆಯ ಸೋಫಾಗಳನ್ನು ತೆಗೆದುಹಾಕುವ ವಿಷಯ ಬಂದಿತು. ಒಟ್ಟು 22 ಸೋಫಾಗಳು. 1996ರಲ್ಲಿ ಅವನ್ನು ಒದಗಿಸಿದ್ದು ನಮ್ಮ ಅಂಗಡಿಯೇ. ಲೆಕ್ಕದ ಪುಸ್ತಕದಲ್ಲಿ ವರ್ಷವರ್ಷವೂ ಸವಕಳಿ ಕಳೆದು ಕೊನೆಗೆ ಅವುಗಳ ಬೆಲೆಯನ್ನು ಒಂದು ರೂಪಾಯಿಗೆ ಇಳಿಸಲಾಗಿತ್ತು. ಒಬ್ಬ ಗುಜರಿ ವ್ಯಾಪಾರಿ 6,600 ರೂಪಾಯಿಗೆ ಎಲ್ಲವನ್ನೂ ಒಯ್ಯುವೆನೆಂದಿದ್ದ. ಒಂದು ರೂಪಾಯಿಯ ಆಸ್ತಿಗೆ ಅಷ್ಟು ಹಣ ಬಂದರೆ ಲಾಭವೇ ಎಂದು ಸದಸ್ಯರು ಒಪ್ಪುವುದರಲ್ಲಿದ್ದರು.

ನಾನು ಒಂದೇ ಪ್ರಶ್ನೆ ಕೇಳಿದೆ. ಅವನು ಒಯ್ದು ಏನು ಮಾಡುತ್ತಾನೆ? ಎಲ್ಲರಿಗೂ ಗೊತ್ತಿದ್ದ ಉತ್ತರವನ್ನು ಯಾರೂ ಹೇಳಲಿಲ್ಲ. ಊರ ಹೊರಗಿನ ಬಯಲಿನಲ್ಲಿ ರಾಶಿ ಹಾಕಿ ಬೆಂಕಿ ಕೊಡುತ್ತಾರೆ. ಫೋಮು, ಬಟ್ಟೆ, ನಾರು ಎಲ್ಲ ಸುಟ್ಟುಹೋಗಿ ಸ್ಪ್ರಿಂಗು, ಮೊಳೆ ಉಳಿಯುತ್ತವೆ. ಅವನ ಲಾಭ ಆ ಕಬ್ಬಿಣ. ಬೂದಿಯಿಂದ ಅದನ್ನು ಹೆಕ್ಕುವವರು ಹೆಂಗಸರು, ಮಕ್ಕಳು.

ಹಿರಿಯ ಸದಸ್ಯರೊಬ್ಬರು, ನಾವು ಮಾರಿದ ಮೇಲೆ ಅದು ಅವನ ವಸ್ತು, ಅವನ ಕರ್ಮ ಅವನಿಗೆ ಎಂದರು. ಅವರು ಸ್ವಾಧ್ಯಾಯಶೀಲರು, ನನಗಿಂತ ಹೆಚ್ಚು ಓದಿದವರು. ಆದರೂ ವಿನಯಪೂರ್ವಕವಾಗಿ ಉತ್ತರಿಸಿದೆ. ಕೃತ, ಕಾರಿತ, ಅನುಮೋದನೆ ಎಂದು ಆಸ್ರವದ ದ್ವಾರಗಳು ಮೂರು. ಸುಡುವುದು ಅವನಾದರೂ, ಸುಡುವನೆಂದು ತಿಳಿದೂ ಕೊಟ್ಟು ಹಣ ಪಡೆದ ನಾವು ಎರಡನೆಯ, ಮೂರನೆಯ ದ್ವಾರಗಳನ್ನು ಮುಚ್ಚಿದಂತಾಯಿತೆ? ಕಟುಕನಿಗೆ ದನ ಮಾರುವ ಜೈನನು ಕೊಂದವನು ನಾನಲ್ಲ ಎಂದರೆ ಈ ಸಭೆ ಒಪ್ಪುವುದೆ? ಸವಕಳಿಯ ಲೆಕ್ಕ ನಾನೂ ಕಲಿತವನೇ. ಅದು ವಸ್ತುವಿನ ಬೆಲೆಯನ್ನು ಸೊನ್ನೆ ಮಾಡುತ್ತದೆ, ವಸ್ತುವನ್ನು ಸೊನ್ನೆ ಮಾಡುವುದಿಲ್ಲ. ದ್ರವ್ಯ ನಾಶವಾಗದು, ಪರ್ಯಾಯ ಮಾತ್ರ ಬದಲಾಗುತ್ತದೆ ಎಂಬುದನ್ನು ಜೈನರಿಗೆ ಬೇರೆಯವರು ಹೇಳಬೇಕೆ? ಸೋಫಾ ಎಂಬ ಪರ್ಯಾಯ ಹೋಗಿ ಹೊಗೆ ಎಂಬ ಪರ್ಯಾಯ ಬಂದರೆ ಪುದ್ಗಲ ಅದೇ ಅಲ್ಲವೆ?

ಆಗ ಇನ್ನೊಬ್ಬರು, ಹಾಗಾದರೆ ಮಾರುವುದು ಬೇಡ, ಯಾವುದಾದರೂ ಬಡ ವಿದ್ಯಾರ್ಥಿನಿಲಯಕ್ಕೆ ದಾನ ಕೊಡೋಣ ಎಂದರು. ಕೇಳಲು ಇಂಪಾದ ಮಾತು. ಸಭೆಯೆಲ್ಲ ತಲೆದೂಗಿತು. ಇಲ್ಲಿಯೇ ನಾವು ಹೆಚ್ಚು ಎಚ್ಚರವಾಗಿರಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ನಿಷ್ಪ್ರಯೋಜನವಾಗಿ ಬೆಂಕಿ ಹಚ್ಚುವುದು ಪ್ರಮಾದಚರ್ಯೆಯಲ್ಲಿ ಬರುತ್ತದೆ. ಆಯುಧ, ಅಗ್ನಿ, ವಿಷ ಮುಂತಾದ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದು ಹಿಂಸಾದಾನ. ಪುಡಿಯುದುರುವ, ನಮ್ಮ ಮನೆಯ ಮಕ್ಕಳನ್ನು ಕೂರಿಸಲು ನಾವೇ ಹಿಂಜರಿಯುವ ಮೆತ್ತೆಯನ್ನು ಬಡವರ ಮಕ್ಕಳಿಗೆ ಕೊಟ್ಟು ರಸೀದಿಯಲ್ಲಿ ದಾನ ಎಂದು ಬರೆದರೆ ಅದು ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ಯಾವುದೂ ಆಗಲಾರದು. ಹಿಂಸಾದಾನವೇ ಆದೀತು. ಒಳ್ಳೆಯ ಸ್ಥಿತಿಯಲ್ಲಿರುವ, ಬಟ್ಟೆ ಹರಿಯದ, ಮೆತ್ತೆ ಪುಡಿಯಾಗದ ಆಸನವನ್ನು ಕೊಡುವುದು ಬೇರೆ ಮಾತು. ಅದರಿಂದ ವಸ್ತುವಿನ ಆಯುಸ್ಸು ಬೆಳೆಯುತ್ತದೆ. ದಾನಕ್ಕೂ ವಿಸರ್ಜನೆಗೂ ಇರುವ ಗೆರೆಯನ್ನು ಕೊಡುವವನ ಅಂತಃಕರಣ ಬಲ್ಲದು.

ಚರ್ಚೆ ಎರಡು ಸಭೆಗಳವರೆಗೆ ಬೆಳೆಯಿತು. ಕೊನೆಗೆ ಎಲ್ಲರೂ ಒಪ್ಪಿ ಮಾಡಿದ್ದಿಷ್ಟು. ಸೋಫಾಗಳನ್ನು ಮಂಟಪದ ಹಿಂಬದಿಯ ಗಾಳಿಯಾಡುವ ಪಡಸಾಲೆಯಲ್ಲಿ ಬಿಚ್ಚಿಸಿದೆವು. ಬಿಚ್ಚುವವರಿಗೆ ಮುಖಗವಸು, ಕೈಗವಸು ಕೊಟ್ಟೆವು. ಧೂಳು ಏಳದಂತೆ ನೀರು ಚಿಮುಕಿಸಿ, ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿದೆವು. ಚೌಕಟ್ಟುಗಳು ಸಾಗವಾನಿಯವು, ಗಟ್ಟಿಯಾಗಿದ್ದವು. ಅವುಗಳಲ್ಲಿ 14ನ್ನು ಉಳಿಸಿ, ಹಲಗೆ ಹೊಡೆಸಿ ಬೆಂಚುಗಳನ್ನಾಗಿ ಮಾಡಿಸಿದೆವು. ಸ್ಪ್ರಿಂಗು, ಮೊಳೆಗಳನ್ನು ಬೇರ್ಪಡಿಸಿ ಕಬ್ಬಿಣದ ದರಕ್ಕೆ ಮಾರಿದೆವು. ಫೋಮು, ರೆಕ್ಸಿನ್, ಫೋಮಿನ ಪುಡಿ ಹತ್ತಿದ ಗೋಣಿತಟ್ಟು ಇವುಗಳನ್ನು ದಪ್ಪ ಚೀಲಗಳಲ್ಲಿ ತುಂಬಿ ಬಾಯಿ ಹೊಲಿಸಿ ಒಣಜಾಗದಲ್ಲಿ ಇಟ್ಟೆವು. ಮರುಬಳಕೆಗೆ ಬಾರದ ಒಣಕಸವನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳುಹಿಸುವ ಪರವಾನಗಿಯುಳ್ಳ ಗುತ್ತಿಗೆದಾರರನ್ನು ವಿಚಾರಿಸಿ, ಅವರ ಲಾರಿ ಬಂದಾಗ ತೂಕದ ಚೀಟಿ ಪಡೆದು ಒಪ್ಪಿಸಿದೆವು. ಸಿಮೆಂಟಿನ ಕುಲುಮೆಯಲ್ಲಿ ಸುಣ್ಣಕಲ್ಲು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಬೇಯುತ್ತದೆ. ಜ್ವಾಲೆ ಅದಕ್ಕಿಂತಲೂ ಬಿಸಿ. ಬಯಲಿನ ಬೆಂಕಿಯಲ್ಲಿ ಹೊಸ ವಿಷವಾಗಿ ಏಳುವ ವಸ್ತು ಅಷ್ಟು ಉಷ್ಣದಲ್ಲಿ ಬಹುಮಟ್ಟಿಗೆ ಒಡೆದುಹೋಗುತ್ತದೆ. ಇದು ಪೂರ್ಣ ನಿರ್ದೋಷವಾದ ಮಾರ್ಗವೆಂದು ನಾನು ಹೇಳುವುದಿಲ್ಲ. ಗೃಹಸ್ಥನಿಗೆ ಅಲ್ಪಹಿಂಸೆಯ ಮಾರ್ಗವನ್ನು ಆರಿಸಿಕೊಳ್ಳುವುದಷ್ಟೇ ಸಾಧ್ಯ.

ಜಮಾ-ಖರ್ಚು ಹೀಗಾಯಿತು. ಬರಬೇಕಾಗಿದ್ದ 6,600 ರೂಪಾಯಿ ಬರಲಿಲ್ಲ. ಬಿಚ್ಚುವ ಕೂಲಿ, ಚೀಲ, ಸಾಗಣೆಗಳಿಗೆ 13,200 ರೂಪಾಯಿ ಖರ್ಚಾಯಿತು. ಕಬ್ಬಿಣದಿಂದ 4,100 ರೂಪಾಯಿ ಬಂದಿತು. ನಿವ್ವಳ 9,100 ರೂಪಾಯಿಯನ್ನು ಯಾವ ಖಾತೆಗೆ ಹಾಕಬೇಕೆಂದು ಗುಮಾಸ್ತರು ಕೇಳಿದರು. ಜೀವದಯಾ ಖಾತೆಗೆ ಹಾಕಿ ಎಂದೆ. ಪಾರಿವಾಳದ ಕಾಳಿಗೂ ಗೋಶಾಲೆಯ ಮೇವಿಗೂ ಖರ್ಚು ಬರೆಯುವ ಆ ಪುಟದಲ್ಲಿ ಮೊದಲ ಬಾರಿಗೆ ಹಳೆಯ ಫೋಮಿನ ಸಾಗಣೆ ಎಂಬ ಬಾಬತ್ತು ಬಂದಿತು.

ಇಷ್ಟಕ್ಕೇ ಈ ಲೇಖನವನ್ನು ಮುಗಿಸಿದ್ದರೆ ನನಗೆ ಕೀರ್ತಿ ಬರುತ್ತಿತ್ತು. ಆದರೆ ಆಲೋಚನೆಯಲ್ಲಿ ಅರ್ಧ ದೋಷವನ್ನು ಹೇಳಿ ಅರ್ಧವನ್ನು ಮುಚ್ಚುವುದು ಇನ್ನೊಂದು ದೋಷ. ಲೆಸ್ಟರಿನಲ್ಲಿ ಆ ಚೀಟಿಯನ್ನು ಕಂಡ ಗಳಿಗೆಯಿಂದ ನನ್ನ ಮನಸ್ಸನ್ನು ಕೊರೆಯುತ್ತಿದ್ದ ಇನ್ನೊಂದು ಚೀಟಿಯಿತ್ತು. 2000ದ ಸುಮಾರಿಗೆ ಬೆಂಗಳೂರಿನ ಕಚೇರಿಯೊಂದರ ಹಳೆಯ ಆಮದು ಸೋಫಾಗಳನ್ನು ನಾನು ಸಗಟಾಗಿ ಕೊಂಡಿದ್ದೆ. ಅವುಗಳ ತಳದಲ್ಲಿ ಕ್ಯಾಲಿಫೋರ್ನಿಯಾದ 117ನೆಯ ಪ್ರಕಟಣೆಗೆ ಅನುಗುಣವೆಂದು ಮುದ್ರಿಸಿದ ಚೀಟಿಗಳಿದ್ದವು. ಬೆಂಕಿ ಹತ್ತದ ಪರದೇಶದ ಮಾಲು ಎಂದು ಗಿರಾಕಿಗಳಿಗೆ ಅದನ್ನೇ ತೋರಿಸಿ ಮಾರಿದೆ. ಕೊನೆಗೆ ಉಳಿದ ಒಂದನ್ನು 2009ರಲ್ಲಿ ನಮ್ಮ ಮೇಸ್ತ್ರಿಯ ಮಗಳ ಮದುವೆಗೆ ಉಡುಗೊರೆಯಾಗಿ ಕೊಟ್ಟೆ. ಮದುವೆಯಾದ ಮಗಳು ಅದನ್ನು ತವರಿನಲ್ಲಿಯೇ ಬಿಟ್ಟುಹೋಗಿದ್ದಳು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಿತು. ಬಸದಿಯಲ್ಲಿ ಪರಸ್ಪರ ಕೈಮುಗಿದು ಕ್ಷಮೆ ಕೇಳಿದೆವು. ಅಲ್ಲಿ ಕ್ಷಮೆ ಕೇಳಿದವರೆಲ್ಲ ನಾನು ಯಾವ ಅಪರಾಧವನ್ನೂ ಮಾಡದ ಬಂಧುಗಳು. ಮಧ್ಯಾಹ್ನ ಮೇಸ್ತ್ರಿಯ ಮನೆಗೆ ಹೋದೆ. ಎಪ್ಪತ್ತರ ಗಡಿಯಲ್ಲಿರುವ ಆತ ಅದೇ ಸೋಫಾದ ಮೇಲೆ ಕುಳಿತಿದ್ದ. ಹೆಂಡತಿ ಕೈಮಗ್ಗದ ಜಮಖಾನೆ ಹೊದಿಸಿ ಅದನ್ನು ಚೊಕ್ಕಟವಾಗಿ ಇಟ್ಟಿದ್ದಳು. ಜಮಖಾನೆಯ ಅಂಚಿನಡಿ ನೆಲದ ಮೇಲೆ ಹಳದಿ ಪುಡಿ ಸಣ್ಣ ರಂಗೋಲಿಯಂತೆ ಬಿದ್ದಿತ್ತು. ಮಗಳ ಮಗು, ವರ್ಷ ತುಂಬಿರಲಿಲ್ಲ, ಅದರ ಮೇಲೆಯೇ ಅಂಗೈಯೂರಿ ಹರಿದಾಡುತ್ತಿತ್ತು.

ನಾನು ವಿಷಯವನ್ನು ತಿಳಿಸಿ, ಸೋಫಾವನ್ನು ಒಯ್ಯುತ್ತೇನೆ, ಬದಲಿಗೆ ಸಾಗವಾನಿಯ ದಿವಾನ ಮತ್ತು ಹತ್ತಿಯ ಗಾದಿ ಮಾಡಿಸಿ ಕಳುಹಿಸುತ್ತೇನೆ ಎಂದೆ. ಆತನ ಮುಖ ಬಾಡಿತು. 'ಮಗಳ ಲಗ್ನಕ್ಕ ಕೊಟ್ಟದ್ದನ್ನ ವಾಪಸ್ ಒಯ್ಯಾಕ ಬಂದೀರೇನ್ರಿ ಸಾವಕಾರ್ರ?' ಎಂದ. ಕೂಸಿನ ಸಲುವಾಗಿ ಎಂದು ಮತ್ತೆ ವಿವರಿಸಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ನಿಧಾನವಾಗಿ ಹೇಳಿದ: 'ಹಿತ್ತಲದಾಗ ಶನಿವಾರಕ್ಕೊಮ್ಮೆ ಚೂರು ಸುಡತಿದ್ನೆಲ್ರಿ, ಆ ಹೊಗಿ ಇಪ್ಪತ್ತು ವರ್ಷ ನನ್ನ ಎದಿಯಾಗ ಹೋತು. ಅವಾಗೂ ನನ್ನ ಮಕ್ಳು ಸಣ್ಣವಿದ್ದುವು. ನೀವು ಅವಾಗ ಯಾಕ ಬರಲಿಲ್ರಿ?'

ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಉತ್ತರ ಕೊಡಬಹುದಾಗಿತ್ತು. ನನಗೆ ಆಗ ತಿಳಿದಿರಲಿಲ್ಲ ಎಂದು ಹೇಳಹೊರಟೆ, ಅರ್ಧದಲ್ಲಿ ನಿಲ್ಲಿಸಿದೆ. ರಸಾಯನದ ಹೆಸರು ತಿಳಿದಿರಲಿಲ್ಲ ಎಂಬುದು ನಿಜ. ಆದರೆ ಹೊಗೆ ಕಪ್ಪಾಗಿದ್ದುದು, ಅದು ಕಣ್ಣಿಗೆ ಉರಿ ಹತ್ತಿಸುತ್ತಿದ್ದುದು, ನಾನು ಅದರಿಂದ ದೂರ ನಿಲ್ಲುತ್ತಿದ್ದುದು ನನಗೆ ತಿಳಿದಿತ್ತು. ಇದನ್ನು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅನಿವಾರ್ಯ ಎಂದು ನಾನು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅನಿವಾರ್ಯವಾದುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಅದು ಅನಿವಾರ್ಯವಾಗಿರಲಿಲ್ಲ, ಅಗ್ಗವಾಗಿತ್ತು ಅಷ್ಟೆ. ನಾನು ಕೈಮುಗಿದು, ತಪ್ಪಾಯಿತು, ಕ್ಷಮಿಸಬೇಕು ಎಂದೆ. ಬಸದಿಯಲ್ಲಿ ಬೆಳಿಗ್ಗೆ ನೂರು ಸಲ ಸರಾಗವಾಗಿ ಬಂದ ಮಾತು ಅಲ್ಲಿ ಒಂದು ಸಲ ಬರುವುದಕ್ಕೆ ಬಹಳ ಕಷ್ಟವಾಯಿತು. ಆತ ಏನೂ ಹೇಳದೆ ಎದ್ದು, ಕೂಸನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟು, ಜಮಖಾನೆಯನ್ನು ಮಡಚಿ ಇಟ್ಟು, ಸೋಫಾದ ಒಂದು ತುದಿಯನ್ನು ಹಿಡಿದುಕೊಂಡ. ಇನ್ನೊಂದು ತುದಿಯನ್ನು ನಾನು ಹಿಡಿದೆ. ಆ ಚೀಟಿ ಇನ್ನೂ ಅದರ ತಳದಲ್ಲಿತ್ತು.

ಟ್ರಸ್ಟುಗಳ ಪದಾಧಿಕಾರಿಗಳಲ್ಲಿಯೂ ಗೃಹಸ್ಥ ಬಂಧುಗಳಲ್ಲಿಯೂ ನನ್ನ ಕೆಲವು ವಿನಂತಿಗಳಿವೆ. ಮೊದಲನೆಯದಾಗಿ, ಕೊಳ್ಳುವ ಮುನ್ನವೇ ಬಿಡುವ ದಿನವನ್ನು ನೆನೆಯಿರಿ. ಮಂಟಪಗಳಿಗೆ ಮರ, ಬೆತ್ತ, ಹತ್ತಿ, ನಾರುಗಳ ಆಸನಗಳೇ ಸಾಕು. ಪರಿಗ್ರಹ ಪರಿಮಾಣ ವ್ರತವೆಂದರೆ ಎಷ್ಟು ಕೊಳ್ಳಬಹುದೆಂಬ ಲೆಕ್ಕ ಮಾತ್ರವಲ್ಲ, ಎಷ್ಟನ್ನು ಸರಿಯಾಗಿ ವಿಸರ್ಜಿಸಬಲ್ಲೆನೆಂಬ ಲೆಕ್ಕವೂ ಹೌದು. ಎರಡನೆಯದಾಗಿ, ಇರುವ ಸೋಫಾದ ಬಟ್ಟೆ ಹರಿದರೆ ಕೂಡಲೇ ಹೊಲಿಸಿ, ಫೋಮು ಹೊರಗೆ ಕಾಣದಂತೆ ನೋಡಿಕೊಳ್ಳಿ. ಅದರ ಸುತ್ತಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳ ಕೈಯನ್ನು ಊಟಕ್ಕೆ ಮುನ್ನ ತೊಳೆಸಿ. ಮೂರನೆಯದಾಗಿ, ಹಳೆಯ ಫೋಮಿನ ಚೂರನ್ನು ಮಕ್ಕಳ ಹಾಸಿಗೆಗೂ ದಿಂಬಿಗೂ ತುಂಬಿಸಬೇಡಿ. ನಾಲ್ಕನೆಯದಾಗಿ, ಎಂಥ ಸಂದರ್ಭದಲ್ಲಿಯೂ ಬಯಲಿನಲ್ಲಿ ಸುಡಬೇಡಿ, ಕೆರೆ, ಹಳ್ಳ, ತಿಪ್ಪೆಗಳಿಗೆ ಎಸೆಯಬೇಡಿ. ನಗರಾಡಳಿತದ ಒಣಕಸದ ಕೇಂದ್ರವನ್ನೋ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಳೀಯ ಕಚೇರಿಯನ್ನೋ ವಿಚಾರಿಸಿ, ಪರವಾನಗಿಯುಳ್ಳವರ ಕೈಗೆ ಒಪ್ಪಿಸಿ ಚೀಟಿ ಪಡೆಯಿರಿ. ಒಂದು ಊರಿನ ನಾಲ್ಕಾರು ಬಸದಿಗಳೂ ಮನೆಗಳೂ ಕೂಡಿ ವರ್ಷಕ್ಕೊಮ್ಮೆ ಒಂದು ಲಾರಿಯ ಏರ್ಪಾಡು ಮಾಡಿದರೆ ಖರ್ಚು ಹಂಚಿಹೋಗುತ್ತದೆ. ಕೊನೆಯದಾಗಿ, ಪಂಚಕಲ್ಯಾಣಕ್ಕೆ, ಜೀರ್ಣೋದ್ಧಾರಕ್ಕೆ ಅಂದಾಜುಪಟ್ಟಿ ತಯಾರಿಸುವಾಗ ಹಳೆಯದನ್ನು ವಿಸರ್ಜಿಸುವ ಖರ್ಚಿಗೂ ಒಂದು ಸಾಲನ್ನು ಬರೆಯಿರಿ. ಹೊಸತಕ್ಕೆ ದಾನಿಗಳ ಹೆಸರಿನ ಫಲಕ ಹಾಕುತ್ತೇವೆ. ಈ ಸಾಲಿಗೆ ಹಣ ಕೊಟ್ಟವರಿಗೆ ಫಲಕ ಬೇಕಾಗಿಲ್ಲ, ಆದರೆ ಅವರ ದಾನ ಅಭಯದಾನವೇ.

ಮುನಿಗಳು ಕಮಂಡಲುವನ್ನು ನೆಲಕ್ಕಿಡುವ ಮುನ್ನ ಪಿಂಛಿಯಿಂದ ಆ ಸ್ಥಳವನ್ನು ಮೃದುವಾಗಿ ಮಾರ್ಜನ ಮಾಡುವುದನ್ನು ನಾವೆಲ್ಲ ಭಕ್ತಿಯಿಂದ ನೋಡಿದ್ದೇವೆ. ಅವರಿಗಿರುವುದು ಒಂದು ಪಿಂಛಿ, ಒಂದು ಕಮಂಡಲು, ಒಂದು ಶಾಸ್ತ್ರ. ಇಷ್ಟು ಕಡಿಮೆ ಇರುವವರು ಅಷ್ಟು ನೋಡಿ ಇಡುತ್ತಾರೆ. ಮನೆತುಂಬ ಇರುವ ನಾವು ನೋಡದೆ ಎಸೆಯುತ್ತೇವೆ. ನಮ್ಮ ಮೇಸ್ತ್ರಿಯ ಮನೆಯಲ್ಲಿ ಈಗ ಹತ್ತಿಯ ಗಾದಿಯಿದೆ. ಅದನ್ನು ಹೊಲಿದವನು ಆತನೇ. ಕೂಲಿ ಬೇಡವೆಂದ, ನಾನು ಬಿಡಲಿಲ್ಲ. ಆತನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಪ್ರತಿದಿನದ ಸಾಮಾಯಿಕದಲ್ಲಿ ಅದು ಎದುರಿಗೆ ಬಂದು ಕೂರುತ್ತದೆ. ಅಂಥದೊಂದು ಪ್ರಶ್ನೆ ವಾಚಕ ಬಂಧುಗಳ ಮನೆಯ ಹಿತ್ತಲಿನಲ್ಲಿ ಹುಟ್ಟದಿರಲಿ ಎಂಬ ಆಶಯದಿಂದ ಇದನ್ನು ಬರೆದಿದ್ದೇನೆ.